ಕೋಷ್ಟಕದಲ್ಲಿ ಕನ್ನಡ: ಡಿಜಿಟಲ್ ಟಿವಿಯ ಒಳಗಿನ ದಾಖಲೆಯನ್ನು ಓದುವ ಬಗೆ

(ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)



ತಂತ್ರಜ್ಞಾನದ ಒಂದು ವಿಷಯವನ್ನು ಕನ್ನಡದಲ್ಲಿ, ಬುಡದಿಂದ ವಿವರಿಸಬೇಕು ಎಂಬುದು ಈ ದತ್ತಿಯ ಆಶಯ. ನಾನು ಆರಿಸಿಕೊಂಡದ್ದು ಟಿವಿಯ ಪರದೆಯ ಮೇಲೆ ಕಾಣದ ವಿಷಯ. ಚಿತ್ರ, ಧ್ವನಿಗಳ ಜೊತೆಯಲ್ಲೇ ಆಕಾಶದಿಂದಲೋ ಕೇಬಲ್ಲಿನಿಂದಲೋ ಕೆಲವು ಕೋಷ್ಟಕಗಳು ಸದಾ ಹರಿದು ಬರುತ್ತಿರುತ್ತವೆ. ಯಾವ ಚಾನೆಲ್ ಎಲ್ಲಿದೆ, ಅದರ ಹೆಸರೇನು, ಈಗ ನಡೆಯುತ್ತಿರುವ ಕಾರ್ಯಕ್ರಮ ಯಾವುದು, ಮುಂದಿನದು ಎಷ್ಟು ಗಂಟೆಗೆ, ಧ್ವನಿ ಯಾವ ಭಾಷೆಯದು ಎಂಬುದನ್ನೆಲ್ಲ ನಿಮ್ಮ ಮನೆಯ ಸೆಟ್‌ಟಾಪ್ ಬಾಕ್ಸ್ ತಿಳಿದುಕೊಳ್ಳುವುದು ಈ ಕೋಷ್ಟಕಗಳಿಂದಲೇ. ಇವನ್ನು ಬಿಡಿಸಿ ಓದುವುದು ಹೇಗೆ, ಓದಿದಾಗ ನಮ್ಮ ಭಾಷೆಗೆ ಅಲ್ಲಿ ಎಷ್ಟು ಜಾಗ ಸಿಕ್ಕಿದೆಯೆಂದು ಕಾಣುತ್ತದೆ, ಆ ಜಾಗವನ್ನು ನಾವು ಏಕೆ ಕೇಳಿ ಪಡೆಯಬೇಕು ಎಂಬುದು ಇಂದಿನ ನನ್ನ ಮಾತು.

ಮೊದಲು ಪ್ರವಾಹದ ರಚನೆಯನ್ನು ಚುಟುಕಾಗಿ ನೋಡೋಣ. ಭಾರತದ ಉಪಗ್ರಹ ಮತ್ತು ಕೇಬಲ್ ಟಿವಿ ಯುರೋಪಿನಲ್ಲಿ ರೂಪುಗೊಂಡ ಡಿವಿಬಿ ಪದ್ಧತಿಯನ್ನು ಅನುಸರಿಸುತ್ತದೆ. ಅದರ ತಳಪಾಯ 1994ರಲ್ಲಿ ಒಪ್ಪಿಗೆ ಪಡೆದ ಎಂಪೆಗ್-2 ಸಿಸ್ಟಮ್ಸ್ ಎಂಬ ಅಂತರರಾಷ್ಟ್ರೀಯ ಮಾನಕ. ಈ ಮಾನಕದ ಪ್ರಕಾರ ಎಲ್ಲವೂ 188 ಬೈಟ್‌ಗಳ ಪ್ಯಾಕೆಟ್‌ಗಳಾಗಿ ಹೋಗುತ್ತದೆ. ಪ್ರತಿ ಪ್ಯಾಕೆಟ್ಟಿನ ಮೊದಲ ಬೈಟ್ 71 ಎಂಬ ಸಂಖ್ಯೆ. ಪ್ಯಾಕೆಟ್ ಎಲ್ಲಿ ಶುರುವಾಯಿತು ಎಂದು ರಿಸೀವರ್ ಗುರುತು ಹಿಡಿಯುವುದು ಇದರಿಂದ. ಅದರ ಹಿಂದೆಯೇ 13 ಬಿಟ್‌ಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ, ಅದನ್ನು ಪಿಐಡಿ ಎನ್ನುತ್ತಾರೆ. 13 ಬಿಟ್ ಎಂದರೆ 0ಯಿಂದ 8191ರವರೆಗೆ 8192 ಗುರುತುಗಳು. ಒಂದು ಚಾನೆಲ್ಲಿನ ಚಿತ್ರಕ್ಕೆ ಒಂದು ಪಿಐಡಿ, ಧ್ವನಿಗೆ ಇನ್ನೊಂದು. ಕನ್ನಡ ವೀಕ್ಷಕ ವಿವರಣೆಗೆ ಒಂದು, ಹಿಂದಿಗೆ ಮತ್ತೊಂದು. 8191 ಮಾತ್ರ ಖಾಲಿ ಪ್ಯಾಕೆಟ್ಟಿಗೆ ಮೀಸಲು. ಪ್ರವಾಹದ ವೇಗ ಏರುಪೇರಾಗದಂತೆ ಹೆಡ್‌ಎಂಡ್‌ನವರು, ಅಂದರೆ ಪ್ರವಾಹವನ್ನು ಜೋಡಿಸಿ ಕಳಿಸುವ ಕೇಂದ್ರದವರು, ತುಂಬುವ ಭರ್ತಿ ಅದು.

ವೇಗದ ಅಂದಾಜು ಸಿಗಲಿ ಎಂದು ಒಂದು ಲೆಕ್ಕ ಕೊಡುತ್ತೇನೆ. ಕೇಬಲ್ಲಿನಲ್ಲಿ 8 ಮೆಗಾಹರ್ಟ್ಸ್ ಅಗಲದ ಜಾಗದಲ್ಲಿ 64-ಕ್ಯಾಮ್ ವಿಧಾನದಿಂದ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಕಳಿಸಬಹುದು. ಪ್ಯಾಕೆಟ್‌ಗಳ ಲೆಕ್ಕದಲ್ಲಿ ಅದು ಸೆಕೆಂಡಿಗೆ 25,000ಕ್ಕೂ ಹೆಚ್ಚು. ಈ 25,000ದೊಳಗೆ ಹತ್ತಿಪ್ಪತ್ತು ಚಾನೆಲ್‌ಗಳ ಚಿತ್ರ, ಧ್ವನಿ ಎಲ್ಲವೂ ಕಲಸಿಕೊಂಡಿರುತ್ತವೆ. ಹೊಸದಾಗಿ ಆನ್ ಮಾಡಿದ ಬಾಕ್ಸಿಗೆ ಇವುಗಳಲ್ಲಿ ಯಾವುದು ಯಾರದ್ದೆಂದು ಏನೇನೂ ಗೊತ್ತಿರುವುದಿಲ್ಲ. ಅದಕ್ಕೆ ಗೊತ್ತಿರುವ ನಿಯಮ ಒಂದೇ: ಮೊದಲು ಪಿಐಡಿ 0ಯನ್ನು ಹುಡುಕು.

ಪಿಐಡಿ 0ಯಲ್ಲಿ ಬರುವ ಕೋಷ್ಟಕದ ಹೆಸರು ಪ್ಯಾಟ್. ಅದರಲ್ಲಿರುವುದು ಬರೀ ಸಂಖ್ಯೆಗಳ ಜೋಡಿಗಳು: ಇಂಥ ಕ್ರಮಾಂಕದ ಚಾನೆಲ್ಲಿನ ವಿವರ ಇಂಥ ಪಿಐಡಿಯಲ್ಲಿದೆ, ಅಷ್ಟೆ. ಒಂದು ಜೋಡಿಗೆ 4 ಬೈಟ್ ಸಾಕು. 20 ಚಾನೆಲ್‌ಗಳಿದ್ದರೂ ತಲೆಬರಹದ 8 ಬೈಟ್, ಕೊನೆಯ ತಾಳೆಯ 4 ಬೈಟ್ ಸೇರಿ ಒಟ್ಟು 92 ಬೈಟ್ ಆಗುತ್ತದೆ. ಒಂದೇ ಪ್ಯಾಕೆಟ್ಟಿನಲ್ಲಿ ಸುಲಭವಾಗಿ ಹಿಡಿಸುತ್ತದೆ. ಆ ಜೋಡಿ ತೋರಿಸಿದ ಪಿಐಡಿಗೆ ಹೋದರೆ ಪಿಎಂಟಿ ಎಂಬ ಎರಡನೆಯ ಕೋಷ್ಟಕ ಸಿಗುತ್ತದೆ. ಆ ಒಂದು ಚಾನೆಲ್ಲಿಗೆ ಸೇರಿದ ಚಿತ್ರ ಯಾವ ಪಿಐಡಿಯಲ್ಲಿದೆ, ಅದು ಯಾವ ಬಗೆಯದು, ಧ್ವನಿಗಳು ಎಷ್ಟು, ಗಡಿಯಾರದ ಗುರುತು ಎಲ್ಲಿ ಬರುತ್ತದೆ ಎಂಬುದೆಲ್ಲ ಅಲ್ಲಿದೆ. ಚಿತ್ರದ ಬಗೆಯನ್ನು ಒಂದು ಸಂಖ್ಯೆ ಹೇಳುತ್ತದೆ: 2 ಎಂದರೆ ಹಳೆಯ ಎಂಪೆಗ್-2, 27 ಎಂದರೆ ಎಚ್.264, 36 ಎಂದರೆ ಎಚ್‌ಇವಿಸಿ. ಎಚ್.264 ಗೊತ್ತಿಲ್ಲದ ಹಳೆಯ ಬಾಕ್ಸ್ 27 ಕಂಡ ಕೂಡಲೇ ಆ ಚಾನೆಲ್ಲನ್ನು ಬಿಟ್ಟುಬಿಡುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹೊಲ ಕಣ್ಣೆದುರಿಗೇ ಇರುತ್ತದೆ, ಬೆಳೆಯೂ ನಿಂತಿರುತ್ತದೆ. ಆದರೆ ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಕಚೇರಿಯ ಕಣ್ಣಿಗೆ ಆ ರೈತನಿಲ್ಲ. ಕೋಷ್ಟಕಕ್ಕೂ ಚಾನೆಲ್ಲಿಗೂ ಇರುವ ಸಂಬಂಧ ಅದೇ. ಚಿತ್ರದ ಪ್ಯಾಕೆಟ್‌ಗಳು ಒಂದೂ ತಪ್ಪದೆ ಹರಿಯುತ್ತಿದ್ದರೂ ಪ್ಯಾಟ್‌ನಲ್ಲಿ ಆ ಒಂದು ಸಾಲು ಬಿಟ್ಟುಹೋದರೆ ನೋಡುವವರ ಪಾಲಿಗೆ ಆ ಚಾನೆಲ್ ಇಲ್ಲ. ಧ್ವನಿಯ ಪ್ಯಾಕೆಟ್‌ಗಳು ಬರುತ್ತಿದ್ದರೂ ಪಿಎಂಟಿಯಲ್ಲಿ ಭಾಷೆಯ ಗುರುತು ತಪ್ಪಾಗಿದ್ದರೆ ಕೇಳುವವರ ಪಾಲಿಗೆ ಆ ಭಾಷೆ ಇಲ್ಲ.

ಕ್ರಿಕೆಟ್ ಪಂದ್ಯವನ್ನೇ ತೆಗೆದುಕೊಳ್ಳಿ. ಒಂದೇ ಚಿತ್ರಕ್ಕೆ ನಾಲ್ಕು ಭಾಷೆಗಳ ವಿವರಣೆಯನ್ನು ಜೋಡಿಸಿ ಕಳಿಸಬಹುದು. ಪ್ರತಿ ಧ್ವನಿಗೂ ಪಿಎಂಟಿಯಲ್ಲಿ ಮೂರಕ್ಷರದ ಅಂತರರಾಷ್ಟ್ರೀಯ ಭಾಷಾ ಸಂಕೇತ ಬರೆಯಬೇಕು. ಕನ್ನಡಕ್ಕೆ ಅದು ಕೆ-ಎ-ಎನ್. ಮನೆಯವರು ಬಾಕ್ಸಿನ ಸೆಟ್ಟಿಂಗ್‌ನಲ್ಲಿ ಒಮ್ಮೆ ಕನ್ನಡ ಎಂದು ಆರಿಸಿಟ್ಟಿದ್ದರೆ ಸಾಕು, ಈ ಮೂರಕ್ಷರ ಕಂಡಲ್ಲೆಲ್ಲ ಬಾಕ್ಸ್ ತಾನಾಗಿಯೇ ಕನ್ನಡ ಧ್ವನಿಯನ್ನು ಹಾಕುತ್ತದೆ. ನಾಲ್ಕೂ ಧ್ವನಿಗಳಿಗೆ ಇಂಗ್ಲಿಷಿನ ಗುರುತನ್ನೇ ಹಾಕಿ ಬಿಟ್ಟರೆ ಬಾಕ್ಸ್ ಮೊದಲು ಸಿಕ್ಕಿದ್ದನ್ನು ಹಾಕುತ್ತದೆ. ಅಜ್ಜಿ ರಿಮೋಟಿನ ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ಗೊತ್ತಿಲ್ಲದ ಭಾಷೆಯಲ್ಲೇ ಪಂದ್ಯ ನೋಡುತ್ತಾರೆ. ಅವರಿಗಾಗಿಯೇ ದುಡ್ಡು ಕೊಟ್ಟು ಮಾಡಿಸಿದ ಕನ್ನಡ ವಿವರಣೆ, ಮೂರು ಬೈಟ್‌ಗಳ ಅಲಕ್ಷ್ಯದಿಂದಾಗಿ, ಅವರನ್ನು ತಲುಪುವುದೇ ಇಲ್ಲ.

ಈ ಕೋಷ್ಟಕಗಳನ್ನು ಓದಲು ದುಬಾರಿ ಯಂತ್ರಗಳೇ ಬೇಕೆಂದೇನಿಲ್ಲ. ಒಂದು ಟ್ಯೂನರ್ ಕಾರ್ಡ್, ಲಿನಕ್ಸ್ ಇರುವ ಸಾಧಾರಣ ಕಂಪ್ಯೂಟರ್, ಟಿಎಸ್‌ಡಕ್ ಎಂಬ ಮುಕ್ತ ತಂತ್ರಾಂಶ ಇದ್ದರೆ ಕೆಲಸ ಶುರುಮಾಡಬಹುದು. ಐದು ನಿಮಿಷದ ಪ್ರವಾಹವನ್ನು ಕಡತವಾಗಿ ಉಳಿಸಿಕೊಂಡು ಬೇಕಾದಷ್ಟು ಹೊತ್ತು ಕೂತು ಅಭ್ಯಾಸ ಮಾಡಬಹುದು. ತಂತ್ರಾಂಶ ಬಿಡಿಸಿ ಕೊಟ್ಟದ್ದನ್ನು ಓದುವ ಮೊದಲು ಒಂದೆರಡು ಪ್ಯಾಟ್‌ಗಳನ್ನಾದರೂ ಬೈಟ್ ಬೈಟಾಗಿ ಕೈಯಿಂದ ಬಿಡಿಸಿ ನೋಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಬೈಟಿನ ನಡುವೆ ಎಲ್ಲಿ ಒಂದು ಅಂಶ ಮುಗಿದು ಇನ್ನೊಂದು ಶುರುವಾಗುತ್ತದೆ ಎಂಬುದು ಕೈಗೆ ಹತ್ತಿದ ಮೇಲೆ, ತಂತ್ರಾಂಶ ತಪ್ಪು ಹೇಳಿದರೂ ನಿಮಗೆ ತಿಳಿಯುತ್ತದೆ.

ಹೀಗೆ ಬಿಡಿಸುವಾಗ ಎರಡು ಅಂಶಗಳನ್ನು ತಪ್ಪದೆ ಗಮನಿಸಬೇಕು. ಒಂದು, ಆವೃತ್ತಿ ಸಂಖ್ಯೆ. ಒಂದೇ ಕೋಷ್ಟಕ ಸೆಕೆಂಡಿಗೆ ಹಲವು ಸಲ ಬರುತ್ತಲೇ ಇರುವುದರಿಂದ ಬಾಕ್ಸ್ ಪ್ರತಿ ಸಲವೂ ಅದನ್ನು ಪೂರ್ತಿ ಓದುವುದಿಲ್ಲ. 0ಯಿಂದ 31ರವರೆಗೆ ಸುತ್ತುವ ಆವೃತ್ತಿ ಸಂಖ್ಯೆ ಬದಲಾಗಿದೆಯೇ ಎಂದಷ್ಟೇ ನೋಡುತ್ತದೆ. ಹೆಡ್‌ಎಂಡ್‌ನಲ್ಲಿ ಕೋಷ್ಟಕದ ಒಳಗಿನದನ್ನು ತಿದ್ದಿ ಆವೃತ್ತಿ ಸಂಖ್ಯೆಯನ್ನು ಹಾಗೇ ಬಿಟ್ಟರೆ, ಆಗಲೇ ಆನ್ ಆಗಿರುವ ಬಾಕ್ಸ್‌ಗಳು ಹಳೆಯದನ್ನೇ ನಂಬಿಕೊಂಡಿರುತ್ತವೆ, ಹೊಸದಾಗಿ ಆನ್ ಮಾಡಿದವು ಹೊಸದನ್ನು ಓದುತ್ತವೆ. ಒಂದೇ ಬೀದಿಯ ಒಂದು ಮನೆಯಲ್ಲಿ ಚಾನೆಲ್ ಬರುತ್ತದೆ, ಪಕ್ಕದ ಮನೆಯಲ್ಲಿ ಬರುವುದಿಲ್ಲ. ಕೇಬಲ್ ಹುಡುಗ ಬಂದು ವೈರು ಬದಲಾಯಿಸಿ ಹೋಗುತ್ತಾನೆ. ತೊಂದರೆ ವೈರಿನಲ್ಲಿ ಇರುವುದೇ ಇಲ್ಲ. ಬಾಕ್ಸ್ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ ಎಂಬ ನಮ್ಮ ಮನೆಮದ್ದಿನ ಹಿಂದೆ ಎಷ್ಟೋ ಸಲ ಇಂಥದೇ ಕಾರಣ ಇರುತ್ತದೆ.

ಎರಡನೆಯದು ಕೊನೆಯ 4 ಬೈಟ್‌ಗಳ ಸಿಆರ್‌ಸಿ ತಾಳೆ. ದಾರಿಯಲ್ಲಿ ಒಂದು ಬಿಟ್ ಕೆಟ್ಟರೂ ತಾಳೆ ಕೂಡುವುದಿಲ್ಲ, ಬಾಕ್ಸ್ ಆ ತುಣುಕನ್ನು ಎಸೆದು ಮುಂದಿನದಕ್ಕೆ ಕಾಯುತ್ತದೆ. ಆದರೆ ತಾಳೆ ಕೂಡಿತು ಎಂದರೆ ಕಳಿಸಿದ್ದು ಕಳಿಸಿದ ಹಾಗೇ ಬಂತು ಎಂದಷ್ಟೇ ಅರ್ಥ. ಕಳಿಸಿದವರು ಯಾರು, ಬರೆದದ್ದು ನಿಜವೇ ಎಂಬುದನ್ನು ಅದು ಹೇಳುವುದಿಲ್ಲ. ಯುರೋಪಿನ ಸಂವಾದಾತ್ಮಕ ಟಿವಿಯಲ್ಲಿ ಈ ದೌರ್ಬಲ್ಯದಿಂದ ಏನೆಲ್ಲ ಅಪಾಯ ಆಗಬಹುದೆಂದು ಯೋಸ್ಸಿ ಓರೆನ್ ಮತ್ತು ಆಂಜೆಲೋಸ್ ಕೆರೊಮಿಟಿಸ್ ಎಂಬ ಸಂಶೋಧಕರು 2014ರಲ್ಲಿ ತೋರಿಸಿಕೊಟ್ಟರು. ಭದ್ರತೆಯ ಬಗ್ಗೆ ಆಸಕ್ತಿ ಇರುವವರು ಅದನ್ನು ಓದಬೇಕು.

ಪ್ಯಾಟ್, ಪಿಎಂಟಿಗಳು ಬಾಕ್ಸಿಗೆ ಬೇಕಾದವು. ಮನುಷ್ಯರಿಗೆ ಬೇಕಾದ ಮಾಹಿತಿಯನ್ನು ಹೊತ್ತು ತರುವವು ಡಿವಿಬಿಯವರು ಆಮೇಲೆ ಸೇರಿಸಿದ ಸೇವಾ ಮಾಹಿತಿ ಕೋಷ್ಟಕಗಳು. ಪಿಐಡಿ 16ರಲ್ಲಿ ಎನ್‌ಐಟಿ ಬರುತ್ತದೆ. ಯಾವ ಉಪಗ್ರಹ, ಯಾವ ಆವರ್ತನ ಎಂಬ ವಿವರ ಅದರಲ್ಲಿರುತ್ತದೆ. ದೂರದರ್ಶನದ ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹದ ಸ್ಥಾನ ಪೂರ್ವ ರೇಖಾಂಶ 93.5 ಡಿಗ್ರಿ. ಎನ್‌ಐಟಿಯ ನಮೂನೆಯಲ್ಲಿ ಅದನ್ನು 0935 ಎಂಬ ನಾಲ್ಕು ಅಂಕಿ ಮತ್ತು ಪೂರ್ವವನ್ನು ಸೂಚಿಸುವ ಒಂದು ಬಿಟ್ ಆಗಿ ಬರೆಯಬೇಕು. ಪಿಐಡಿ 17ರಲ್ಲಿ ಎಸ್‌ಡಿಟಿ. ಚಾನೆಲ್ಲಿನ ಹೆಸರು ಇರುವುದು ಇಲ್ಲಿ. ಪಿಐಡಿ 18ರಲ್ಲಿ ಇಐಟಿ. ಕಾರ್ಯಕ್ರಮಗಳ ಹೆಸರು, ಹೊತ್ತು, ಸಾರಾಂಶ. ಪಿಐಡಿ 20ರಲ್ಲಿ ದಿನಾಂಕ ಮತ್ತು ವೇಳೆ.

ಇವುಗಳಲ್ಲಿ ಅತ್ಯಂತ ಸ್ವಾರಸ್ಯದ್ದು ಇಐಟಿ. ಅದರ ಒಂದು ಸಾಲನ್ನು ನಾವೇ ಬರೆದು ನೋಡೋಣ. 2025ರ ನವೆಂಬರ್ 1, ರಾಜ್ಯೋತ್ಸವದ ದಿನ, ಸಂಜೆ ಏಳೂವರೆಗೆ ಅರ್ಧ ಗಂಟೆಯ ಕಾರ್ಯಕ್ರಮ ಇದೆ ಎಂದಿಟ್ಟುಕೊಳ್ಳಿ. ಇಐಟಿಯಲ್ಲಿ ದಿನಾಂಕವನ್ನು ತಿಂಗಳು, ವರ್ಷಗಳಾಗಿ ಬರೆಯುವುದಿಲ್ಲ. ಖಗೋಳ ವಿಜ್ಞಾನಿಗಳು ಬಳಸುವ ಪರಿಷ್ಕೃತ ಜೂಲಿಯನ್ ದಿನಸಂಖ್ಯೆ ಎಂಬುದೊಂದಿದೆ. 1858ರ ನವೆಂಬರ್ 17ರಿಂದ ದಿನಗಳನ್ನು ಒಂದೇ ಸಮನೆ ಎಣಿಸಿಕೊಂಡು ಬರುವ ಲೆಕ್ಕ. ಆ ಲೆಕ್ಕದಲ್ಲಿ ನಮ್ಮ ರಾಜ್ಯೋತ್ಸವದ ದಿನ 60980. ಎರಡು ಬೈಟ್‌ಗಳಲ್ಲಿ ಅದು 238 ಮತ್ತು 52 ಆಗುತ್ತದೆ: 238ನ್ನು 256ರಿಂದ ಗುಣಿಸಿ 52 ಕೂಡಿಸಿ, 60980 ಬರುತ್ತದೆ. ವೇಳೆಯನ್ನು ಬರೆಯುವುದು ನಮ್ಮ ಗಡಿಯಾರದಂತಲ್ಲ, ವಿಶ್ವ ವೇಳೆಯಲ್ಲಿ. ನಮ್ಮ ಏಳೂವರೆಯಿಂದ ಐದೂವರೆ ಗಂಟೆ ಕಳೆದರೆ ಮಧ್ಯಾಹ್ನ 2, ಅಂದರೆ 14 ಗಂಟೆ 00 ನಿಮಿಷ 00 ಸೆಕೆಂಡು. ಒಂದೊಂದು ಅಂಕಿಗೆ 4 ಬಿಟ್‌ನಂತೆ ಈ ಆರು ಅಂಕಿಗಳಿಗೆ 3 ಬೈಟ್. ಅರ್ಧ ಗಂಟೆಯ ಅವಧಿಯೂ ಹಾಗೆಯೇ, 00 30 00. ಒಟ್ಟು 8 ಬೈಟ್‌ಗಳಲ್ಲಿ ಯಾವಾಗ, ಎಷ್ಟು ಹೊತ್ತು ಎಂಬುದು ಮುಗಿಯಿತು. ದಿನಸಂಖ್ಯೆಗೆ ಎರಡೇ ಬೈಟ್ ಇಟ್ಟಿರುವುದರಿಂದ ಈ ಎಣಿಕೆ 65535ಕ್ಕೆ ತುಂಬಿಹೋಗುತ್ತದೆ. ಆ ದಿನ 2038ರ ಏಪ್ರಿಲ್ 22. ಅಷ್ಟರೊಳಗೆ ಬಾಕ್ಸ್‌ಗಳು ಅದಕ್ಕೆ ಸಿದ್ಧವಾಗಬೇಕು.

ಈಗ ಅದೇ ದಿನ ಬೆಳಗಿನ ಜಾವ 5 ಗಂಟೆಗೆ ಸುಪ್ರಭಾತದ ಕಾರ್ಯಕ್ರಮ ಇದ್ದರೆ? ವಿಶ್ವ ವೇಳೆಯಲ್ಲಿ ಅದು ಹಿಂದಿನ ದಿನದ 23 ಗಂಟೆ 30 ನಿಮಿಷ. ಆದ್ದರಿಂದ ದಿನಸಂಖ್ಯೆ 60979 ಆಗಬೇಕು. ಗಂಟೆಯನ್ನು ಸರಿಯಾಗಿ ಕಳೆದು ದಿನವನ್ನು ಹಾಗೇ ಬಿಟ್ಟರೆ ಸುಪ್ರಭಾತ ಒಂದು ದಿನ ತಡವಾಗಿ ಕಾಣಿಸುತ್ತದೆ. ಬೆಳಗಿನ ಐದೂವರೆಗೆ ಮೊದಲಿನ ಕಾರ್ಯಕ್ರಮಗಳನ್ನು ಪ್ರತ್ಯೇಕವಾಗಿ ತಾಳೆ ನೋಡಬೇಕು ಎಂಬುದು ಭಾರತದ ಕೋಷ್ಟಕಗಳನ್ನು ಪರೀಕ್ಷಿಸುವವರು ಮರೆಯಬಾರದ ಪಾಠ. ಮುಂದಿನ ದಿನಗಳ ವೇಳಾಪಟ್ಟಿಯನ್ನು ಮೂರು ಮೂರು ಗಂಟೆಗಳ ಭಾಗಗಳಾಗಿ ಒಡೆಯುವುದೂ ವಿಶ್ವ ವೇಳೆಯ ಮಧ್ಯರಾತ್ರಿಯಿಂದಲೇ. ನಮ್ಮ ಗಡಿಯಾರದಲ್ಲಿ ಭಾಗಗಳು ಐದೂವರೆ, ಎಂಟೂವರೆ, ಹನ್ನೊಂದೂವರೆ ಎಂದು ಬೀಳುತ್ತವೆ. ಹಾಗೆ 32 ಭಾಗಗಳು, ಅಂದರೆ 4 ದಿನ, ಒಂದು ಕೋಷ್ಟಕದಲ್ಲಿ; 16 ಕೋಷ್ಟಕಗಳಲ್ಲಿ 64 ದಿನಗಳ ಪಟ್ಟಿಗೆ ಅವಕಾಶವಿದೆ.

ವಿಶ್ವ ವೇಳೆಯನ್ನು ನಮ್ಮ ವೇಳೆಗೆ ತಿರುಗಿಸುವುದಕ್ಕೆ ಟಿಒಟಿ ಎಂಬ ಪುಟ್ಟ ಕೋಷ್ಟಕವಿದೆ. ಭಾರತ, ಕೂಡಿಸಬೇಕು, 05 30 ಎಂಬ ಮೂರು ಸಂಗತಿಗಳನ್ನು ಅದು ಹೇಳುತ್ತದೆ. ಅದು ಬಾರದೆ ಹೋದರೆ, ಅದನ್ನೇ ನಂಬಿದ ಬಾಕ್ಸ್‌ಗಳಲ್ಲಿ ಸಂಜೆ ಏಳೂವರೆಯ ಕಾರ್ಯಕ್ರಮ ಮಧ್ಯಾಹ್ನ ಎರಡಕ್ಕೆ ಎಂದು ತೋರುತ್ತದೆ.

ಇನ್ನು ನನ್ನ ಮಾತಿನ ತಿರುಳಿಗೆ ಬರುತ್ತೇನೆ. ಕಾರ್ಯಕ್ರಮದ ಹೆಸರನ್ನು ಯಾವ ಲಿಪಿಯಲ್ಲಿ ಬರೆಯುವುದು? ಕನ್ನಡ ಚಾನೆಲ್, ಕನ್ನಡ ಕಾರ್ಯಕ್ರಮ, ನೋಡುವವರೂ ಕನ್ನಡದವರೇ. ಆದರೂ ಪರದೆಯ ಮೇಲೆ ಕಾರ್ಯಕ್ರಮಗಳ ಪಟ್ಟಿ ತೋರಿಸುವ ಗೈಡ್‌ನಲ್ಲಿ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಓದುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಇದು ತಂತ್ರಜ್ಞಾನದ ಮಿತಿ ಎಂದು ಹಲವರು ತಿಳಿದಿದ್ದಾರೆ. ಮಾನಕವನ್ನು ತೆರೆದು ನೋಡಿದರೆ ಹಾಗಿಲ್ಲ.

ಡಿವಿಬಿ ಸೇವಾ ಮಾಹಿತಿಯ ಮಾನಕ ಇಎನ್ 300 468. ಅದರ ಅನುಬಂಧದಲ್ಲಿ ಅಕ್ಷರಗಳನ್ನು ಬರೆಯುವ ಕ್ರಮ ಇದೆ. ಪಠ್ಯದ ಮೊದಲ ಬೈಟ್ ಸಾಧಾರಣ ಅಕ್ಷರವಾಗಿದ್ದರೆ ಪಠ್ಯ ಲ್ಯಾಟಿನ್ ಲಿಪಿಯದೆಂದು ಅರ್ಥ. ಬೇರೆ ಲಿಪಿ ಬೇಕಾದರೆ ಮೊದಲ ಬೈಟಿನಲ್ಲಿ ಸೂಚನೆ ಕೊಡಬೇಕು. 1 ಎಂದರೆ ರಷ್ಯನ್ ಮೊದಲಾದ ಭಾಷೆಗಳ ಸಿರಿಲಿಕ್, 2 ಅರಬ್ಬಿ, 3 ಗ್ರೀಕ್, 4 ಹೀಬ್ರೂ, 7 ಥಾಯ್. ಇವೆಲ್ಲಕ್ಕೂ ಒಂದು ಅಕ್ಷರಕ್ಕೆ ಒಂದೇ ಬೈಟ್. 18 ಎಂದರೆ ಕೊರಿಯನ್, 19 ಮತ್ತು 20 ಚೀನೀ ಲಿಪಿಯ ಎರಡು ಬಗೆಗಳು. ಭಾರತದ ಯಾವ ಲಿಪಿಗೂ ಇಲ್ಲಿ ತನ್ನದೇ ಸಂಖ್ಯೆ ಇಲ್ಲ. ಈ ಒಂದು ಬೈಟಿನ ಲಿಪಿಗಳು ಐಎಸ್‌ಒ 8859 ಎಂಬ ಸರಣಿಯಿಂದ ಬಂದವು. ಆ ಸರಣಿಯ 12ನೇ ಭಾಗವನ್ನು ದೇವನಾಗರಿಗೆಂದು ಯೋಚಿಸಿದ್ದರು, ಕೆಲಸ ಅರ್ಧಕ್ಕೇ ನಿಂತಿತು. ಡಿವಿಬಿ ಪಟ್ಟಿಯಲ್ಲಿ ಅದರ ಸರದಿಗೆ ಬರಬೇಕಿದ್ದ 8ನೇ ಸಂಖ್ಯೆ ಇಂದಿಗೂ ಖಾಲಿ.

ಹಾಗೆಂದು ಕನ್ನಡಕ್ಕೆ ಬಾಗಿಲು ಮುಚ್ಚಿಲ್ಲ. ಮೊದಲ ಬೈಟ್ 17 ಆಗಿದ್ದರೆ ಮುಂದಿನದು ಯೂನಿಕೋಡ್, ಒಂದು ಸಂಕೇತಕ್ಕೆ ಎರಡು ಬೈಟ್. 21 ಆಗಿದ್ದರೆ ಯುಟಿಎಫ್-8, ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್. ಸಂಕೇತ ಬೇರೆ, ನಾವು ಕಾಗದದ ಮೇಲೆ ಬರೆಯುವ ಅಕ್ಷರ ಬೇರೆ ಎಂಬುದನ್ನು ನೆನಪಿಡಿ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಸ, ಹಲಂತ, ತ, ಹಲಂತ, ರ, ಈಕಾರ ಎಂದು ಆರು ಸಂಕೇತ. ಯುಟಿಎಫ್-8ರಲ್ಲಿ 18 ಬೈಟ್.

ಜಾಗದ ಪ್ರಶ್ನೆ ಏಳುವುದು ಇಲ್ಲೇ. ಕಾರ್ಯಕ್ರಮದ ಹೆಸರು ಮತ್ತು ಚಿಕ್ಕ ಸಾರಾಂಶ ಎರಡೂ ಒಂದೇ ಡಿಸ್ಕ್ರಿಪ್ಟರ್‌ನಲ್ಲಿ, ಅಂದರೆ ಕೋಷ್ಟಕದೊಳಗಿನ ಒಂದೇ ವಿವರದ ತುಣುಕಿನಲ್ಲಿ, ಕೂರಬೇಕು. ಅದರ ಉದ್ದವನ್ನು ಹೇಳಲು ಒಂದೇ ಬೈಟ್ ಇರುವುದರಿಂದ ಗರಿಷ್ಠ 255. ಭಾಷಾ ಸಂಕೇತಕ್ಕೆ 3, ಹೆಸರಿನ ಉದ್ದಕ್ಕೆ 1, ಸಾರಾಂಶದ ಉದ್ದಕ್ಕೆ 1 ಕಳೆದರೆ 250 ಉಳಿಯುತ್ತದೆ. ಇಂಗ್ಲಿಷಿನಲ್ಲಿ ಬರೆದರೆ 250 ಅಕ್ಷರ. ಕನ್ನಡದಲ್ಲಿ ಹೆಸರಿಗೊಂದು, ಸಾರಾಂಶಕ್ಕೊಂದು ಲಿಪಿಸೂಚಕ ಬೈಟ್ ಕಳೆದು 248. ಯುಟಿಎಫ್-8ರಲ್ಲಿ ಅದು 82 ಸಂಕೇತ. 17ನೇ ವಿಧಾನದಲ್ಲಿ 124 ಸಂಕೇತ. ಒಂದು ಕನ್ನಡ ಅಕ್ಷರಕ್ಕೆ ಸುಮಾರು ಎರಡು ಸಂಕೇತ ಎಂದಿಟ್ಟುಕೊಂಡರೆ ಯುಟಿಎಫ್-8ರಲ್ಲಿ ನಲವತ್ತು, ಇನ್ನೊಂದರಲ್ಲಿ ಅರವತ್ತರಷ್ಟು ಅಕ್ಷರ ಸಿಗುತ್ತದೆ. ಧಾರಾವಾಹಿಯ ಹೆಸರಿಗೂ ಒಂದು ಸಾಲಿನ ಸಾರಾಂಶಕ್ಕೂ ಇದು ಸಾಕು. ಇನ್ನೂ ಬೇಕೆಂದರೆ ವಿಸ್ತೃತ ವಿವರಕ್ಕೆ ಬೇರೆ ಡಿಸ್ಕ್ರಿಪ್ಟರ್ ಇದೆ, ಒಂದಕ್ಕೊಂದು ಸರಣಿಯಾಗಿ ಜೋಡಿಸಬಹುದು. ಕನ್ನಡಕ್ಕೆ ಯುಟಿಎಫ್-8ಕ್ಕಿಂತ 17ನೇ ವಿಧಾನವೇ ಒಳ್ಳೆಯದು ಎಂಬುದು ಈ ಲೆಕ್ಕದಿಂದ ಸ್ಪಷ್ಟ. ವೆಬ್ಬಿನಲ್ಲಿ ಎಲ್ಲರೂ ಬಳಸುತ್ತಾರೆಂದು ಇಲ್ಲಿಯೂ ಕಣ್ಣುಮುಚ್ಚಿ ಯುಟಿಎಫ್-8 ಹಾಕಿದರೆ ಇರುವ ಜಾಗದಲ್ಲಿ ಮೂರನೇ ಒಂದು ಪಾಲು ವ್ಯರ್ಥವಾಗುತ್ತದೆ.

ಚಾನೆಲ್ ಹೆಸರಿನ ವಿಷಯದಲ್ಲಂತೂ ಜಾಗದ ಮಾತೇ ಏಳುವುದಿಲ್ಲ. ದೂರದರ್ಶನದ ಕನ್ನಡ ವಾಹಿನಿ ‘ಚಂದನ’. ಕನ್ನಡದಲ್ಲಿ ನಾಲ್ಕು ಸಂಕೇತ; 17ನೇ ವಿಧಾನದಲ್ಲಿ ಸೂಚಕ ಸೇರಿ 9 ಬೈಟ್, ಯುಟಿಎಫ್-8ರಲ್ಲೇ ಬರೆದರೂ 13. ಇಂಗ್ಲಿಷಿನಲ್ಲಿ ಅದೇ ಹೆಸರಿಗೆ 8. ಇಷ್ಟಕ್ಕೂ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುವ ಅಗತ್ಯವೇ ಇಲ್ಲ. ಎಸ್‌ಡಿಟಿಯಲ್ಲಿ ಚಾನೆಲ್ ಹೆಸರನ್ನು ಹಲವು ಭಾಷೆಗಳಲ್ಲಿ ಕೊಡಲೆಂದೇ ಒಂದು ಡಿಸ್ಕ್ರಿಪ್ಟರ್ ಇದೆ. ಇಐಟಿಯಲ್ಲಿ ಒಂದೇ ಕಾರ್ಯಕ್ರಮಕ್ಕೆ ಕನ್ನಡದ್ದೊಂದು, ಇಂಗ್ಲಿಷಿನದ್ದೊಂದು ಎಂದು ಎರಡು ವಿವರಗಳನ್ನು ಪಕ್ಕಪಕ್ಕದಲ್ಲಿ ಇಡಬಹುದು. ಮನೆಯವರು ಆರಿಸಿದ್ದನ್ನು ಬಾಕ್ಸ್ ತೋರಿಸುತ್ತದೆ. ಬೆಂಗಳೂರಿನ ಒಂದೇ ಕಟ್ಟಡದಲ್ಲಿ ಎಷ್ಟು ಭಾಷೆಯ ಮನೆಗಳಿವೆ ಎಂಬುದನ್ನು ಬಲ್ಲವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಆಪರೇಟರುಗಳ ನಿಜವಾದ ಅಡಚಣೆ ಬೇರೆ ಇದೆ, ಅದನ್ನೂ ಪ್ರಾಮಾಣಿಕವಾಗಿ ಎದುರಿಸಬೇಕು. ಇಐಟಿಯನ್ನು ಒಮ್ಮೆ ಕಳಿಸಿದರೆ ಮುಗಿಯುವುದಿಲ್ಲ, ಮತ್ತೆ ಮತ್ತೆ ಕಳಿಸುತ್ತಲೇ ಇರಬೇಕು. ಮೊದಲ 8 ದಿನಗಳ ವೇಳಾಪಟ್ಟಿಯನ್ನು ಕನಿಷ್ಠ 10 ಸೆಕೆಂಡಿಗೊಮ್ಮೆ ಕಳಿಸಿ ಎಂಬುದು ಡಿವಿಬಿಯ ಮಾರ್ಗಸೂಚಿ. ಒಂದು ಲೆಕ್ಕ ಹಾಕೋಣ: 100 ಚಾನೆಲ್, ದಿನಕ್ಕೆ ತಲಾ 30 ಕಾರ್ಯಕ್ರಮ, 7 ದಿನ ಎಂದರೆ 21,000 ಕಾರ್ಯಕ್ರಮಗಳು. ಒಂದಕ್ಕೆ 150 ಬೈಟ್ ಹಿಡಿದರೆ ಒಟ್ಟು 31.5 ಲಕ್ಷ ಬೈಟ್, ಅಂದರೆ ಸುಮಾರು 25 ಮೆಗಾಬಿಟ್. ಹತ್ತು ಸೆಕೆಂಡಿಗೊಮ್ಮೆ ಎಂದರೆ ಸೆಕೆಂಡಿಗೆ ಎರಡೂವರೆ ಮೆಗಾಬಿಟ್. ಎಚ್.264ರಲ್ಲಿ ಒಂದು ಸಾಮಾನ್ಯ ಎಸ್‌ಡಿ ಚಾನೆಲ್ಲನ್ನೇ ಅಷ್ಟರಲ್ಲಿ ಕಳಿಸಬಹುದು, ಆ ಜಾಗ ಮಾರಿದರೆ ದುಡ್ಡು. ಪಠ್ಯ ಇಮ್ಮಡಿ, ಮುಮ್ಮಡಿ ಆಗುತ್ತದೆ ಎಂದರೆ ಅವರು ಹಿಂಜರಿಯುವುದು ಸಹಜ.

ಇದಕ್ಕೂ ಮಾನಕದಲ್ಲೇ ದಾರಿಯಿದೆ. ಮೊದಲ ಬೈಟ್ 31 ಎಂದು ಬರೆದು, ಅದರ ಮುಂದೆ ಒಂದು ನೋಂದಾಯಿತ ಸಂಖ್ಯೆ ಹಾಕಿದರೆ ಹೊಸ ಬರವಣಿಗೆಯ ವಿಧಾನವನ್ನು ಬಳಸಬಹುದು. ಬ್ರಿಟನ್ನಿನ ಫ್ರೀಸ್ಯಾಟ್ ಮತ್ತು ಫ್ರೀವ್ಯೂ ಎಚ್‌ಡಿ ಸೇವೆಗಳು ಇದೇ ಬಾಗಿಲಿನಿಂದ ಇಂಗ್ಲಿಷ್ ಪಠ್ಯವನ್ನು ಹಫ್‌ಮನ್ ವಿಧಾನದಲ್ಲಿ ಕುಗ್ಗಿಸಿ ಕಳಿಸುತ್ತವೆ. ಪದೇಪದೇ ಬರುವ ಅಕ್ಷರಕ್ಕೆ ಕಡಿಮೆ ಬಿಟ್, ಅಪರೂಪಕ್ಕೆ ಬರುವುದಕ್ಕೆ ಹೆಚ್ಚು. ಒಂದು ಅಕ್ಷರಕ್ಕೆ ಒಂದೇ ಬೈಟ್ ಇದ್ದ ಭಾಷೆಯೇ ಇನ್ನಷ್ಟು ಕುಗ್ಗಿಸಿಕೊಂಡಿರುವಾಗ, ಎರಡು ಮೂರು ಬೈಟ್ ತೆರುವ ನಮಗೆ ಅದು ಇನ್ನೆಷ್ಟು ಬೇಕು! ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾಗಿರುವುದು 128 ಸ್ಥಾನ ಮಾತ್ರ. ಅಂದರೆ ಕನ್ನಡವನ್ನೂ ಇಂಗ್ಲಿಷನ್ನೂ ಸೇರಿಸಿ ಒಂದೇ ಬೈಟಿನಲ್ಲಿ ಬರೆಯಬಹುದು. ಭಾರತೀಯ ಮಾನಕ ಬ್ಯೂರೋದ 1991ರ ಇಸ್ಕಿ ಮಾನಕ ಈ ಕೆಲಸವನ್ನು ಆಗಲೇ ಮಾಡಿತ್ತು. ಅದರ ಮೇಲೆ ಕನ್ನಡ ಕಾರ್ಯಕ್ರಮಗಳ ಹೆಸರು, ಸಾರಾಂಶಗಳನ್ನು ಕೂಡಿಹಾಕಿ, ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಹಫ್‌ಮನ್ ಪಟ್ಟಿ ಮಾಡಿದರೆ ಜಾಗ ಇನ್ನೂ ಉಳಿಯುತ್ತದೆ. ಇದು ಎಂಜಿನಿಯರಿಂಗ್ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿಗಳ ತಂಡವೊಂದು ಒಂದು ಸೆಮಿಸ್ಟರಿನಲ್ಲಿ ಮಾಡಿ ಮುಗಿಸಬಹುದಾದ ಕೆಲಸ.

ಬಾಕ್ಸಿನಲ್ಲಿ ಕನ್ನಡದ ಫಾಂಟ್ ಇರಬೇಕು, ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುವ ತಂತ್ರಾಂಶವೂ ಇರಬೇಕು ಎಂಬುದು ನಿಜ. ಡಿವಿಬಿಯ ಸಬ್‌ಟೈಟಲ್‌ಗಳಿಗೆ ಈ ತೊಂದರೆ ಇಲ್ಲ, ಅವು ಅಕ್ಷರಗಳಾಗಿ ಅಲ್ಲ, ಚಿತ್ರಗಳಾಗಿಯೇ ಬರುತ್ತವೆ. ಗೈಡ್‌ಗೆ ಮಾತ್ರ ಬೇಕು. ಅಗ್ಗದ ಮೊಬೈಲ್ ಫೋನ್ ಕೂಡ ಕನ್ನಡವನ್ನು ಸರಿಯಾಗಿ ತೋರಿಸುತ್ತಿರುವ ಈ ಕಾಲದಲ್ಲಿ ಅದನ್ನು ನೆಪ ಮಾಡಬಾರದು. ಉಪಗ್ರಹ ಟ್ಯೂನರ್ ಒಳಗೇ ಇರುವ ಟಿವಿಗಳಿಗೆ ಭಾರತೀಯ ಮಾನಕ ಬ್ಯೂರೋ ಐಎಸ್ 18112 ಎಂಬ ಮಾನಕವನ್ನು 2022ರಲ್ಲಿ ಹೊರತಂದಿದೆ. ಅಂಥ ಟಿವಿ ಪ್ರತ್ಯೇಕ ಬಾಕ್ಸ್ ಇಲ್ಲದೆ ಫ್ರೀ ಡಿಶ್‌ನ ಪ್ರವಾಹವನ್ನು ನೇರವಾಗಿ ಓದುತ್ತದೆ. ಆಗ ಈ ಕೋಷ್ಟಕಗಳ ಮಹತ್ವ ಇನ್ನಷ್ಟು ಹೆಚ್ಚುತ್ತದೆ.

ಪರೀಕ್ಷೆಯ ಬಗ್ಗೆ ಒಂದು ಮಾತು ಉಳಿದಿದೆ. ಹೆಡ್‌ಎಂಡ್‌ಗಳಲ್ಲಿ ಪ್ರವಾಹವನ್ನು ಹಗಲಿರುಳು ಕಾಯುವ ಯಂತ್ರಗಳಿರುತ್ತವೆ. ಅವು ಅನುಸರಿಸುವುದು ಟಿಆರ್ 101 290 ಎಂಬ ಮಾರ್ಗಸೂಚಿಯನ್ನು. ಪ್ಯಾಟ್ ಅರ್ಧ ಸೆಕೆಂಡಿನೊಳಗೆ ಬಂತೇ, ಎಸ್‌ಡಿಟಿ 2 ಸೆಕೆಂಡಿನೊಳಗೆ, ಎನ್‌ಐಟಿ 10 ಸೆಕೆಂಡಿನೊಳಗೆ ಬಂತೇ, ತಾಳೆ ಕೂಡಿತೇ, ಪ್ಯಾಕೆಟ್ ಎಣಿಕೆ ತಪ್ಪಿತೇ ಎಂದು ನೋಡಿ ಹಸಿರು ಅಥವಾ ಕೆಂಪು ದೀಪ ತೋರಿಸುತ್ತವೆ. ಬಹಳ ಉಪಯುಕ್ತವಾದ ಮಾರ್ಗಸೂಚಿ ಅದು. ಆದರೆ ಕೋಷ್ಟಕ ಬಂತೇ ಎಂದು ಅದು ಕೇಳುತ್ತದೆಯೇ ಹೊರತು, ಬರೆದದ್ದು ಸರಿಯೇ ಎಂದು ಕೇಳುವುದಿಲ್ಲ. ಕನ್ನಡ ಧ್ವನಿಗೆ ಇಂಗ್ಲಿಷಿನ ಗುರುತು ಇದ್ದರೂ, ಮುಗಿದುಹೋದ ಧಾರಾವಾಹಿಯ ಹೆಸರೇ ಉಳಿದಿದ್ದರೂ, ಸಾರಾಂಶ ಖಾಲಿ ಇದ್ದರೂ ದೀಪ ಹಸಿರೇ. ಈ ಪರೀಕ್ಷೆಯನ್ನು ಭಾಷೆ ಬಲ್ಲ ಮನುಷ್ಯರೇ ಮಾಡಬೇಕು.

ಇನ್ನು ನಿಯಮಗಳ ವಿಷಯ. ಕೇಬಲ್ ಡಿಜಿಟಲೀಕರಣದ ಎರಡನೇ ಹಂತದಲ್ಲಿ ಬೆಂಗಳೂರು, ಮೈಸೂರುಗಳಿಗೆ 2013ರ ಮಾರ್ಚ್ 31ನ್ನು ಗಡುವಾಗಿ ನಿಗದಿ ಮಾಡಿದ್ದರು. ಆಮೇಲೆ ಉಳಿದ ಊರುಗಳೂ ಸೇರಿದವು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2017ರಲ್ಲಿ ತಂದ ನಿಯಮಗಳಲ್ಲಿ, ಗೈಡ್‌ನಲ್ಲಿ ಒಂದೇ ಪ್ರಕಾರದ ಚಾನೆಲ್‌ಗಳು ಒಟ್ಟಿಗೆ ಇರಬೇಕು, ಅವುಗಳೊಳಗೆ ಒಂದೇ ಭಾಷೆಯವು ಒಂದರ ಪಕ್ಕ ಒಂದು ಬರಬೇಕು ಎಂದಿದೆ. ಭಾಷೆಯನ್ನು ಗುರುತಿಸಿದ ಒಳ್ಳೆಯ ನಿಯಮ ಅದು. ಅದಕ್ಕೆ ಇನ್ನೊಂದು ಸಾಲು ಸೇರಬೇಕು: ಆಯಾ ಭಾಷೆಯ ಚಾನೆಲ್ಲಿನ ಹೆಸರು ಮತ್ತು ಕಾರ್ಯಕ್ರಮಗಳ ವಿವರ ಆಯಾ ಭಾಷೆಯ ಲಿಪಿಯಲ್ಲೂ ಇರತಕ್ಕದ್ದು. ಪ್ರಸಾರ ಸಂವಿಧಾನದ ಕೇಂದ್ರ ಪಟ್ಟಿಯ ವಿಷಯವಾದ್ದರಿಂದ ಇದನ್ನು ಬೆಂಗಳೂರಿನಲ್ಲಿ ಕಾನೂನು ಮಾಡಿ ತರಲಾಗುವುದಿಲ್ಲ, ದೆಹಲಿಯಲ್ಲೇ ಕೇಳಬೇಕು. ಟ್ರಾಯ್ ನಿಯಮ ಮಾಡುವ ಮುನ್ನ ಸಮಾಲೋಚನಾ ಪತ್ರ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಕನ್ನಡ ಅಭಿವೃದ್ಧಿ ಪ್ರಾಧಿಕಾರ, ವಿಶ್ವವಿದ್ಯಾಲಯಗಳು, ಕನ್ನಡ ತಂತ್ರಾಂಶದ ಬಳಗಗಳು ಆಗ ಲೆಕ್ಕ ಸಮೇತ ಬರೆಯಬೇಕು. ಕೋಷ್ಟಕದ ಲೆಕ್ಕ ನಮ್ಮ ಪರವಾಗಿಯೇ ಇದೆ.

ಚಾನೆಲ್‌ಗಳಲ್ಲಿ ವೇಳಾಪಟ್ಟಿ ತುಂಬುವ ಗೆಳೆಯರು ಹೆಸರನ್ನು ಕನ್ನಡದಲ್ಲೂ ಬರೆದು ಕೊಡುವುದನ್ನು ಇವತ್ತೇ ಶುರುಮಾಡಬಹುದು, ಅದಕ್ಕೆ ಯಾವ ನಿಯಮವೂ ಬೇಕಿಲ್ಲ. ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟು: ನಿಮ್ಮ ಊರಿನಲ್ಲಿ ಸಿಗುವ ಉಚಿತ ಚಾನೆಲ್‌ಗಳ ಪ್ರವಾಹವನ್ನು ಉಳಿಸಿಕೊಳ್ಳಿ, ಪ್ಯಾಟ್‌ನಿಂದ ಇಐಟಿಯವರೆಗೆ ಬಿಡಿಸಿ ಓದಿ, ಕನ್ನಡದ ಗುರುತು ಎಲ್ಲಿದೆ, ಎಲ್ಲಿಲ್ಲ, ಎಲ್ಲಿ ತಪ್ಪಾಗಿದೆ ಎಂದು ಪಟ್ಟಿ ಮಾಡಿ ಆಯಾ ಚಾನೆಲ್ಲಿನವರಿಗೆ ಬರೆದು ತಿಳಿಸಿ. ಕನ್ನಡದ ಹಫ್‌ಮನ್ ಪಟ್ಟಿಯ ಕೆಲಸವನ್ನು ಕೈಗೆತ್ತಿಕೊಳ್ಳುವ ತಂಡ ಈ ಕಾಲೇಜಿನಿಂದಲೇ ಹೊರಡಲಿ, ಮುಂದಿನ ವರ್ಷದ ದತ್ತಿ ಉಪನ್ಯಾಸಕ್ಕೆ ಆ ತಂಡವನ್ನೇ ಕರೆಯಿರಿ ಎಂದು ದತ್ತಿಯ ಹಿರಿಯರಲ್ಲಿ ವಿನಂತಿಸುತ್ತೇನೆ.